ವಾರ್ಡಿನ ಚುನಾವಣೆ, ಕೇಬಲ್ಲಿನ ಸಾಲು: ಸ್ಥಳೀಯ ಚುನಾವಣೆಯಲ್ಲಿ ರಾಜಕೀಯ ಜಾಹೀರಾತಿನ ಪ್ರಸಾರ

ತಾಲ್ಲೂಕು ಕೇಂದ್ರದ ಕೇಬಲ್ ವಾಹಿನಿಯೊಂದರಲ್ಲಿ ಸಂಜೆ ಹೊತ್ತು ಹಳೆಯ ಸಿನಿಮಾ ಓಡುತ್ತಿದೆ ಎನ್ನಿ. ಪರದೆಯ ಬುಡದಲ್ಲಿ ಸೀರೆ ಅಂಗಡಿಯ ರಿಯಾಯಿತಿ, ಟ್ಯೂಷನ್ನಿನ ಪ್ರವೇಶ, ಯಾರದೋ ಶ್ರದ್ಧಾಂಜಲಿ ಸರಿದುಹೋಗುತ್ತವೆ. ಅವುಗಳ ಬೆನ್ನಿಗೇ ಏಳನೇ ವಾರ್ಡಿನ ಅಭ್ಯರ್ಥಿಗೆ ಮತ ಕೋರುವ ಒಂದು ಸಾಲು. ಇದಕ್ಕೆ ಅನುಮತಿ ಕೊಡಬೇಕಾದವರು ಯಾರು?

1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ 7(3)ನೇ ನಿಯಮ ಧಾರ್ಮಿಕ ಅಥವಾ ರಾಜಕೀಯ ಉದ್ದೇಶದ ಜಾಹೀರಾತಿಗೆ ಅವಕಾಶವಿಲ್ಲ ಎನ್ನುತ್ತದೆ. 2004ರ ಮಾರ್ಚ್‌ನಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ಆದೇಶದಿಂದ ಈ ನಿಷೇಧ ಅಲುಗಾಡಿ, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷದ ಏಪ್ರಿಲ್ 13ರಂದು ಬಂದ ಆದೇಶ, ಜಾಹೀರಾತನ್ನು ಪ್ರಸಾರಕ್ಕೆ ಮೊದಲೇ ಪರಿಶೀಲಿಸಿ ಒಪ್ಪಿಗೆ ಕೊಡುವ ಪೂರ್ವಪ್ರಮಾಣೀಕರಣವೆಂಬ ನಡುದಾರಿ ತೆರೆಯಿತು. ನೋಂದಾಯಿತ ರಾಷ್ಟ್ರೀಯ, ರಾಜ್ಯ ಪಕ್ಷಗಳೂ ಅಭ್ಯರ್ಥಿಗಳೂ ಪ್ರಸಾರಕ್ಕೆ 3 ದಿನ ಮೊದಲು ಅರ್ಜಿ ಹಾಕಬೇಕು. ಉಳಿದವರು 7 ದಿನ ಮೊದಲು. ಜಾಹೀರಾತಿನ ಎರಡು ಪ್ರತಿ, ದೃಢೀಕರಿಸಿದ ಪಠ್ಯ, ತಯಾರಿಕೆಯ ವೆಚ್ಚ, ಎಷ್ಟು ಬಾರಿ ಯಾವ ದರದಲ್ಲಿ ಪ್ರಸಾರ ಎಂಬ ವಿವರ ಜೊತೆಗಿರಬೇಕು. ಹಣ ಚೆಕ್ ಅಥವಾ ಡಿಮ್ಯಾಂಡ್ ಡ್ರಾಫ್ಟಿನಲ್ಲೇ ಸಂದಾಯವಾಗಬೇಕು. ಸೀರೆ ಅಂಗಡಿಯ ಲೆಕ್ಕದಂತೆ ಕೈಯಿಂದ ಕೈಗೆ ನಗದು ಕೊಟ್ಟು ಮುಗಿಸುವ ವ್ಯವಹಾರಕ್ಕೆ ಇಲ್ಲಿ ಜಾಗವಿಲ್ಲ.

ತೊಡಕು ಮುಂದಿದೆ. ಈ ಆದೇಶ ಹೊಣೆ ಹೊರಿಸಿದ್ದು ಭಾರತ ಚುನಾವಣಾ ಆಯೋಗದ ಮೇಲೆ. ಸಂವಿಧಾನದ 324ನೇ ವಿಧಿಯಂತೆ ಆ ಆಯೋಗ ನಡೆಸುವುದು ಸಂಸತ್ತು, ಶಾಸನಸಭೆಗಳು, ರಾಷ್ಟ್ರಪತಿ ಮತ್ತು ಉಪರಾಷ್ಟ್ರಪತಿ ಚುನಾವಣೆಗಳನ್ನು. ಪಂಚಾಯಿತಿ, ಪುರಸಭೆ, ಮಹಾನಗರಪಾಲಿಕೆಗಳು 243ಕೆ ಮತ್ತು 243ಜಡ್‌ಎ ವಿಧಿಗಳಡಿ ರಾಜ್ಯ ಚುನಾವಣಾ ಆಯೋಗದ ಪಾಲು. ರಾಜ್ಯ ಆಯೋಗವೂ ಜಾಹೀರಾತು ಪರಿಶೀಲಿಸುವ ಸಮಿತಿಯನ್ನು ಜಿಲ್ಲೆಗಳಲ್ಲಿ ನೇಮಿಸಬಹುದು. ಆದರೆ ಕೇಂದ್ರ ಸರ್ಕಾರದ ನಿಯಮವೊಂದು ಬೇಡವೆಂದುದಕ್ಕೆ ಅದರ ಸಮಿತಿ ಸೈ ಎಂದರೆ ಅಷ್ಟು ಸಾಕೇ? ಸಾಲದು ಎಂಬುದು ನನ್ನ ಓದು. 2004ರ ವಿನಾಯಿತಿಯನ್ನು ವಾರ್ಡಿನವರೆಗೆ ಎಳೆಯಬೇಕಾದರೆ 7(3)ನೇ ನಿಯಮದೊಳಗೇ ರಾಜ್ಯ ಆಯೋಗದ ಹೆಸರು ಬರಬೇಕು.

ಗ್ರಾಮ ಪಂಚಾಯಿತಿಯಲ್ಲಿ ಗಂಟು ಇನ್ನೂ ಬಿಗಿ. ಕರ್ನಾಟಕದಲ್ಲಿ ಈ ಚುನಾವಣೆ ಪಕ್ಷರಹಿತ. ಅಭ್ಯರ್ಥಿಗೆ ಸಿಗುವುದು ಆಯೋಗದ ಮುಕ್ತ ಚಿಹ್ನೆ. ಊರಲ್ಲಿ ಯಾರು ಯಾವ ಪಕ್ಷದ ಕಡೆಯವರೆಂದು ಮಕ್ಕಳಿಗೂ ಗೊತ್ತು, ಅದು ಬೇರೆ ಮಾತು. ಪಕ್ಷವಿಲ್ಲದ ಅಭ್ಯರ್ಥಿಯ ಜಾಹೀರಾತು ರಾಜಕೀಯವಲ್ಲ ಎಂದು ವಾದಿಸಬಹುದಾದರೂ ಅದು ನಿಲ್ಲದು. ನಿಯಮ ಹೇಳುವುದು ರಾಜಕೀಯ ಉದ್ದೇಶದ ಮಾತನ್ನು, ಪಕ್ಷದ ಮಾತನ್ನಲ್ಲ. ಮತ ಕೇಳುವುದಕ್ಕಿಂತ ರಾಜಕೀಯವಾದ ಉದ್ದೇಶ ಇನ್ನಾವುದು?

ಹೋಲಿಕೆಗೆ ಬೇರೆ ದೇಶವೊಂದನ್ನು ನೋಡೋಣ. ಬ್ರಿಟನ್ ಹಣ ಕೊಟ್ಟು ಮಾಡುವ ರಾಜಕೀಯ ಪ್ರಸಾರವನ್ನು ಪೂರ್ತಿ ನಿಷೇಧಿಸಿದೆ. 2003ರ ಸಂವಹನ ಕಾಯ್ದೆಯಲ್ಲೂ ಆ ನಿಷೇಧವಿದೆ. ಬದಲಿಗೆ ಅರ್ಹ ಪಕ್ಷಗಳಿಗೆ ಉಚಿತ ಪ್ರಸಾರ ಸಮಯ ಸಿಗುತ್ತದೆ, ಸ್ಥಳೀಯ ಚುನಾವಣೆಯಲ್ಲೂ. ನಮ್ಮ ಆಕಾಶವಾಣಿ, ದೂರದರ್ಶನಗಳ ಉಚಿತ ಸಮಯ ಲೋಕಸಭೆ, ವಿಧಾನಸಭೆಗಳಿಗೆ ನಿಲ್ಲುತ್ತದೆ. ಹೀಗಾಗಿ ವಾರ್ಡಿನ ಅಭ್ಯರ್ಥಿಗೆ ಉಚಿತದ ದಾರಿಯೂ ಇಲ್ಲ, ಹಣದ ದಾರಿಯೂ ಸ್ಪಷ್ಟವಿಲ್ಲ.

ಇಷ್ಟರ ನಡುವೆ ಆ ಏಳನೇ ವಾರ್ಡಿನ ಸಾಲಿನ ಮೇಲೆ ಯಾರಾದರೂ ದೂರು ಕೊಟ್ಟರೆ ಅದು ಹೋಗಿ ನಿಲ್ಲುವುದು ಉಪವಿಭಾಗಾಧಿಕಾರಿಯ ಮೇಜಿನ ಮೇಲೆ. ಉಪವಿಭಾಗ ದಂಡಾಧಿಕಾರಿಯಾಗಿ 1995ರ ಕೇಬಲ್ ಕಾಯ್ದೆಯಡಿ ಅಧಿಕಾರ ಪಡೆದವರಲ್ಲಿ ಅವರೂ ಒಬ್ಬರು. ಕೇಬಲ್ಲಿನವರ ಉಪಕರಣವನ್ನು ವಶಪಡಿಸಿಕೊಳ್ಳುವ ಅವಕಾಶ ಆ ಕಾಯ್ದೆಯಲ್ಲಿದೆ. ಆ ಸಾಲಿಗೆ ಒಪ್ಪಿಗೆಯ ಮುದ್ರೆ ಒತ್ತುವ ಅವಕಾಶ ಅದರಲ್ಲಿಲ್ಲ.