ರಂಗು, ರೋಗನ್ ಮತ್ತು ನಮ್ಮ ಮರದ ಕುರ್ಚಿ

ಕಳೆದ ಬೇಸಿಗೆ ರಜೆಯಲ್ಲಿ ಶಾಲೆಯ ಹಳೆಯ ಮರದ ಕುರ್ಚಿಗಳಿಗೆ ಹೊಸ ಬಣ್ಣ ಕೊಡಬೇಕೆಂದು ನಾವು ನಾಲ್ಕೈದು ಜನ ಶಿಕ್ಷಕರು ನಿರ್ಧರಿಸಿದೆವು. ಎಂಟನೇ ತರಗತಿಯ ಹುಡುಗರು ಉತ್ಸಾಹದಿಂದ ಪಾಲಿಶ್ ಪೇಪರ್ ಹಿಡಿದು ಹಳೆಯ ಹಸಿರು ಬಣ್ಣವನ್ನು ತಿಕ್ಕಲು ಕುಳಿತರು. ಕುರ್ಚಿಯ ಕಾಲು ಸರಿಮಾಡಲು ಬಂದಿದ್ದ ಹಿರಿಯ ಬಡಿಗರೊಬ್ಬರು ಇದನ್ನು ನೋಡಿ, "ಮಾಸ್ತರ್ರ, ಹುಡುಗರ ಕಡಿಂದ ಹಳೇ ಬಣ್ಣ ತಿಕ್ಕಸಬ್ಯಾಡ್ರಿ. ಆ ಧೂಳು ಚಲೋ ಅಲ್ಲ" ಎಂದರು. ಹುಡುಗರನ್ನು ಕೂಡಲೇ ಎಬ್ಬಿಸಿದೆವು. ಆದರೆ ಆ ಧೂಳಿನಲ್ಲಿ ಏನಿದೆ, ಮರಕ್ಕೆ ಬಣ್ಣ ಹಚ್ಚುವ ಪದ್ಧತಿ ನಮ್ಮಲ್ಲಿ ಹೇಗೆ ಬೆಳೆದು ಬಂತು ಎಂಬ ಪ್ರಶ್ನೆಗಳು ನನ್ನನ್ನು ಬಿಡಲಿಲ್ಲ. ಅವುಗಳ ಬೆನ್ನು ಹತ್ತಿ ಹೋದಾಗ ದೊರೆತ ಇತಿಹಾಸವನ್ನು ವಿದ್ಯಾರ್ಥಿಗಳೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಪದಗಳನ್ನು ನೋಡೋಣ. ನಾವು ದಿನವೂ ಬಳಸುವ 'ಕುರ್ಚಿ' ಅರಬ್ಬಿಯ 'ಕುರ್ಸಿ'ಯಿಂದ ಬಂದದ್ದು. 'ರಂಗು' ಫಾರಸಿಯದು. ಮನೆಗೋ ಮರಕ್ಕೋ ಬಣ್ಣ ಹಚ್ಚುವುದಕ್ಕೆ ಉರ್ದುವಿನಲ್ಲಿ 'ರಂಗ್-ಒ-ರೋಗನ್' ಎನ್ನುತ್ತಾರೆ. ಫಾರಸಿಯಲ್ಲಿ ರೋಗನ್ ಎಂದರೆ ಎಣ್ಣೆ. ಈ ಜೋಡಿಪದದಲ್ಲೇ ಒಂದು ಪಾಠವಿದೆ. ಬಣ್ಣದ ಪುಡಿ ತಾನಾಗಿ ಮರಕ್ಕೆ ಅಂಟುವುದಿಲ್ಲ. ಅದನ್ನು ಹಿಡಿದಿಡಲು ಎಣ್ಣೆ, ಅರಗು ಇಲ್ಲವೆ ಅಂಟು ಬೇಕು. ಮರವನ್ನು ನೀರಿನಿಂದ, ಕೈ ಬೆವರಿನಿಂದ ಕಾಯುವುದು ಹೆಚ್ಚಾಗಿ ಈ ಎರಡನೆಯ ವಸ್ತುವೇ.

ಅರಗಿನ ಕಥೆ

ಮಹಾಭಾರತದ ಅರಗಿನ ಮನೆಯ ಪ್ರಸಂಗ ಎಲ್ಲರಿಗೂ ಗೊತ್ತು. ಈ ಅರಗು ಮುತ್ತುಗ, ಬೋರೆ ಮುಂತಾದ ಮರಗಳ ಎಳೆಯ ಕೊಂಬೆಗಳ ಮೇಲೆ ಬದುಕುವ ಸಣ್ಣ ಕೀಟವೊಂದು ಸ್ರವಿಸುವ ರಾಳ. ಕಾಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗಿ ಹೊಳೆಯುತ್ತದೆ.

16ನೇ ಶತಮಾನದ ಕೊನೆಯಲ್ಲಿ ಅಬುಲ್ ಫಜಲ್ ಬರೆದ 'ಐನ್-ಎ-ಅಕ್ಬರಿ'ಯಲ್ಲಿ ಬಿದಿರಿನ ಪರದೆಗಳಿಗೆ, ಅಂದರೆ ಚಿಕ್ಕುಗಳಿಗೆ, ಹಚ್ಚುವ ಅರಗಿನ ಲೆಕ್ಕವಿದೆ. ಕೆಂಪು ಬೇಕಾದರೆ 4 ಸೇರು ಅರಗಿಗೆ 1 ಸೇರು ಇಂಗಳೀಕ, ಹಳದಿ ಬೇಕಾದರೆ 4 ಸೇರು ಅರಗಿಗೆ 1 ಸೇರು ಹರಿತಾಳ. ಇಂಗಳೀಕದಲ್ಲಿರುವುದು ಪಾದರಸ, ಹರಿತಾಳದಲ್ಲಿರುವುದು ಆರ್ಸೆನಿಕ್. ಅರಗು ನಿರಪಾಯಕಾರಿ, ಅದರೊಳಗೆ ಬೆರೆಸಿದ ಬಣ್ಣ ವಿಷ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ನಮ್ಮ ರಾಜ್ಯದಲ್ಲಿ ಅರಗಿನ ಕೆಲಸಕ್ಕೆ ಹೆಸರಾದದ್ದು ಬೆಂಗಳೂರು ಮತ್ತು ಮೈಸೂರಿನ ನಡುವಿನ ಚನ್ನಪಟ್ಟಣ. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದರೆಂಬ ಹೇಳಿಕೆ ಅಲ್ಲಿ ಪ್ರಚಲಿತವಾಗಿದೆ. ಈ ಕಸುಬನ್ನು ಬೆಳೆಸಿದವರಲ್ಲಿ ಬಾವಾಸ್ ಮಿಯಾ ಅವರ ಹೆಸರು ಮುಖ್ಯವಾದದ್ದು. ಅಲ್ಲಿ ಕುಂಚವೇ ಇಲ್ಲ. ಚರಕಿಯಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ನಂತರ ಗರಿಯಿಂದ ಒತ್ತಿ ತಿಕ್ಕಿ ಹೊಳಪು ಕೊಡುತ್ತಾರೆ. ಗೊಂಬೆಗೆ, ತೊಟ್ಟಿಲ ಗುಂಡಿಗೆ, ಕುರ್ಚಿಯ ದುಂಡು ಕಾಲಿಗೆ ಇದು ಹೇಳಿ ಮಾಡಿಸಿದ ವಿಧಾನ. ಆದರೆ ಕುರ್ಚಿಯ ಕೂರುವ ಹಲಗೆ ಚರಕಿಯಲ್ಲಿ ತಿರುಗಲಾರದು.

ಹಲಗೆಗಾಗಿ ಬಂದದ್ದು ಫ್ರೆಂಚ್ ಪಾಲಿಶ್. ಶುದ್ಧಮಾಡಿದ ಚಪಡಾ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ ತೆಳುವಾಗಿ ಹತ್ತಾರು ಬಾರಿ ಒರೆಸುವ ಈ ಪದ್ಧತಿ 19ನೇ ಶತಮಾನದಲ್ಲಿ ಯುರೋಪಿನಲ್ಲಿ ಹರಡಿತು. ಅದಕ್ಕೆ ಬೇಕಾದ ಅರಗು ಮಾತ್ರ ಹೋಗುತ್ತಿದ್ದುದು ಭಾರತದಿಂದಲೇ. ಬಿಸಿ ಚಹಾದ ಲೋಟ ಇಟ್ಟರೆ ಬಿಳಿ ಕಲೆ ಬೀಳುವುದು ಇದರ ದೋಷ. ಹೊಸ ಪದರ ಹಳೆಯದರಲ್ಲಿ ಕರಗಿ ಒಂದಾಗುವುದರಿಂದ ದುರಸ್ತಿ ಸುಲಭವೆಂಬುದು ಇದರ ಗುಣ.

ಮೈಸೂರಿನ ಕಾರ್ಖಾನೆ

ಕಾಡಿನ ಅರಗನ್ನು ನಾಡಿನಲ್ಲೇ ಬಳಸಬೇಕೆಂದು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪನೆಯಾಯಿತು. 1962ರ ಸಾರ್ವತ್ರಿಕ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತಿರುವುದು ಇದೇ ಸಂಸ್ಥೆ. 1989ರಲ್ಲಿ ಅದರ ಹೆಸರು 'ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್' ಎಂದಾಯಿತು. ಹೆಸರಿನಿಂದ ಅರಗು ಮರೆಯಾದದ್ದು ಕಾಲದ ಬದಲಾವಣೆಗೆ ಒಂದು ಗುರುತು. ಅಷ್ಟರಲ್ಲಿ ಡಬ್ಬಿಯಲ್ಲಿ ಬರುವ ಬಣ್ಣ ಮನೆಮನೆಗೆ ತಲುಪಿತ್ತು.

ಅಗಸೆ ಎಣ್ಣೆ

ಇನ್ನು ರೋಗನ್. ನಮ್ಮ ಭಾಗದಲ್ಲಿ ಅಗಸಿ ಚಟ್ನಿ ತಿನ್ನದವರಿಲ್ಲ. ಅದೇ ಅಗಸೆಯ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಮರದೊಳಗೇ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಹೀಗೆ ಒಣಗುವುದಿಲ್ಲ, ಅವನ್ನು ಹಚ್ಚಿದ ಕುರ್ಚಿ ಜಿಡ್ಡಾಗಿ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಕೆಲವು ದಿನ ಬಿಟ್ಟು ಮತ್ತೆ ಹಚ್ಚಬೇಕು. ಒಂದು ಎಚ್ಚರಿಕೆ: ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಒಳಗೆ ಕಾವು ಹೆಚ್ಚಿ ತಾನಾಗಿ ಬೆಂಕಿ ಹತ್ತಬಹುದು. ಅದನ್ನು ಹೊರಗೆ ಹರಡಿ ಒಣಗಿಸಬೇಕು.

ಸೀಸದ ನೆರಳು

ಇದೇ ಅಗಸೆ ಎಣ್ಣೆಗೆ ಸೀಸದ ಪುಡಿ ಬೆರೆಸಿ ಹಿಂದೆ ಬಿಳಿ ಬಣ್ಣ ತಯಾರಿಸುತ್ತಿದ್ದರು. ಕೆಂಪಿಗೆ ಸೀಸದ ಸಿಂಧೂರ. ಹಳದಿ ಮತ್ತು ಹಸಿರಿಗೂ ಸೀಸದ ಲವಣಗಳು ಬಳಕೆಯಾದವು. ಬಣ್ಣ ಗಾಢವಾಗುತ್ತಿತ್ತು, ಬೇಗ ಒಣಗುತ್ತಿತ್ತು, ಬಹುಕಾಲ ಬಾಳುತ್ತಿತ್ತು. ಬಣ್ಣಗಾರರು ಮಾತ್ರ ಕಾಯಿಲೆ ಬೀಳುತ್ತಿದ್ದರು. 1921ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಕಟ್ಟಡದ ಒಳಭಾಗಕ್ಕೆ ಬಿಳಿ ಸೀಸದ ಬಣ್ಣ ಬಳಸಬಾರದೆಂದು ಒಡಂಬಡಿಕೆ ಮಾಡಿತು. ಅಮೆರಿಕ 1978ರಲ್ಲಿ ಮನೆಬಳಕೆಯ ಸೀಸದ ಬಣ್ಣವನ್ನು ನಿಷೇಧಿಸಿತು. ನಮ್ಮ ದೇಶದಲ್ಲಿ 2016ರಲ್ಲಿ ನಿಯಮ ಬಂದು, 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದಾಯಿತು.

ಶಿಕ್ಷಕರಾದ ನಾವು ಇದನ್ನು ಏಕೆ ತಿಳಿಯಬೇಕು? ಸೀಸವು ದೊಡ್ಡವರಿಗಿಂತ ಮಕ್ಕಳ ಮೆದುಳಿಗೆ ಹೆಚ್ಚು ಹಾನಿ ಮಾಡುತ್ತದೆ. ಗಮನ ಕುಂದುತ್ತದೆ, ಕಲಿಕೆ ಹಿಂದೆ ಬೀಳುತ್ತದೆ, ಆದ ಹಾನಿ ಮರಳಿ ಸರಿಹೋಗುವುದಿಲ್ಲ. ಕಲಿಯಲೆಂದು ಮಗುವನ್ನು ಕೂರಿಸಿದ ಕುರ್ಚಿಯೇ ಕಲಿಕೆಗೆ ಅಡ್ಡಿಯಾದರೆ ಏನು ಹೇಳೋಣ? ಬಡಿಗರ ಮಾತಿನ ಬೆಲೆ ನನಗೆ ಆಗ ಅರ್ಥವಾಯಿತು.

ಯಾವುದನ್ನು ಆರಿಸಬೇಕು?

ಮನೆಯೊಳಗಿನ ಸಾಗವಾನಿ ಕುರ್ಚಿಗೆ ಅಗಸೆ ಎಣ್ಣೆ ಇಲ್ಲವೆ ಅರಗಿನ ಪಾಲಿಶ್ ಸಾಕು. ಮರದ ಗೆರೆ ಕಾಣುತ್ತದೆ, ವರ್ಷಕ್ಕೊಮ್ಮೆ ನಾವೇ ಹಚ್ಚಬಹುದು. ಬಿಸಿಲು ಮಳೆಗೆ ಸಿಗುವ ಕುರ್ಚಿಗೆ ಬಣ್ಣವೇ ಲೇಸು, ಆದರೆ ಡಬ್ಬಿಯ ಮೇಲೆ ಸೀಸದ ಪ್ರಮಾಣ ಓದಿ ಕೊಳ್ಳಬೇಕು. ಹಳೆಯ ಬಣ್ಣ ಯಾವುದೆಂದು ತಿಳಿಯದಿದ್ದರೆ ಒಣದಾಗಿ ತಿಕ್ಕಬಾರದು, ಸುಡಲೂಬಾರದು. ದೊಡ್ಡವರು ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು ನೀರು ಚಿಮುಕಿಸಿ ಕೆರೆದು, ಉದುರಿದ್ದನ್ನು ಚೀಲದಲ್ಲಿ ಕಟ್ಟಬೇಕು.

ತರಗತಿಯಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬ ಹುಡುಗ, "ಸರ್, ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಾನ ಹಚ್ಚಿದ್ರ ಹೆಂಗ್ರಿ?" ಎಂದ. ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಒಳ್ಳೆಯದು. ನಮ್ಮ ಮೆಣಸಿನಕಾಯಿಯಿಂದ ತೆಗೆದ ಕೆಂಪು ಆಹಾರಕ್ಕೂ ತುಟಿಬಣ್ಣಕ್ಕೂ ಹೋಗುತ್ತದೆ. ಬೆಳಕಿಗೆ ಬೇಗ ಮಾಸುವುದರಿಂದ ಕುರ್ಚಿಗೆ ಅದು ಆಗದು. ತಿನ್ನಬಹುದಾದ ಬಣ್ಣ ಬಾಳಲಿಲ್ಲ, ಬಾಳುವ ಬಣ್ಣ ತಿನ್ನುವಂತಿರಲಿಲ್ಲ. ಹಳೆಯ ರಂಗುಗಾರರಿಗೆ ಎದುರಾದ ತೊಡಕೂ ಇದೇ.

ನಮ್ಮ ಶಾಲೆಯ ಕುರ್ಚಿಗಳ ಹಸಿರು ಬಣ್ಣವನ್ನು ಆ ಬಡಿಗರೇ ನೀರು ಹಾಕಿ ಕೆರೆದು ತೆಗೆದರು. ಕೆಳಗೆ ಒಳ್ಳೆಯ ಸಾಗವಾನಿ ಇತ್ತು. ಈಗ ಅವುಗಳಿಗೆ ಅಗಸೆ ಎಣ್ಣೆ ಹಚ್ಚಿದ್ದೇವೆ. ವಿದ್ಯಾರ್ಥಿಗಳೇ, ನಿಮ್ಮ ಓಣಿಯಲ್ಲೂ ಇಂಥ ಬಡಿಗರು, ಪಾಲಿಶ್ ಕೆಲಸದವರು ಇದ್ದಾರೆ. ಅವರ ತಿಳುವಳಿಕೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಒಂದು ದಿನ ನೋಟುಪುಸ್ತಕ ಹಿಡಿದು ಅವರ ಬಳಿ ಹೋಗಿ ಕೇಳಿ, ಬರೆದುಕೊಳ್ಳಿ.