ಮಡಿವಾಳ: ಕಮ್ಮಿ ನೀರಿದ್ರೇನೇ ಜಾಸ್ತಿ ಹೂವು ಬಿಡೋ ಕಾಗದದ ಹೂವಿನ ಗಿಡ

ಮಡಿವಾಳ: 2024ರ ಮಾರ್ಚ್‌ನಲ್ಲಿ ನಗರಕ್ಕೆ ನೀರಿನ ಅಭಾವ ಬಂದಾಗ, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅಂಥ ಬೇಸಿಗೆಯನ್ನೂ ತಡೆಯುವ ಮುಳ್ಳುಗಿಡ ಕಾಗದದ ಹೂವು, ಅಂದರೆ ಬೋಗನ್‌ವಿಲ್ಲಾ. ಇದರ ಮೂಲ ದಕ್ಷಿಣ ಅಮೆರಿಕ.

ದಿನಾ ನೀರು ಹಾಕಿದ್ರೆ ಎಲೆ ಸೊಂಪು, ಹೂವು ಕಮ್ಮಿ. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು ಕೊಡಿ. ಅಕ್ಕಿ, ಸೊಪ್ಪು ತೊಳೆದ ನೀರೇ ಸಾಕು. ತಳದಲ್ಲಿ ತೂತಿರುವ ಕುಂಡ, ದಿನಕ್ಕೆ 5-6 ಗಂಟೆ ಬಿಸಿಲು ಬೇಕು.

ಹೊಸ ಚಿಗುರಲ್ಲೇ ಹೂವು ಬರುವುದರಿಂದ, ಒಂದು ಸುತ್ತು ಹೂವು ಮುಗಿದ ಮೇಲೆ ಕೊಂಬೆ ಕತ್ತರಿಸಿ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟರೆ ಹೊಸ ಗಿಡ ಆಗುತ್ತೆ.

ಅಂಗಡಿ ಮುಂದೆ ಬೆಳೆಸಿದವರು ಫುಟ್‌ಪಾತ್ ಕಡೆ ಚಾಚಿದ ಕೊಂಬೆಗಳನ್ನು ಆಗಾಗ ಸವರುತ್ತಿರಿ. ಮುಳ್ಳು ಗಿರಾಕಿಗಳ ಕಣ್ಣಿಗೆ ತಾಗೀತು.