ಯಾವ ಬಣ್ಣ ಅಸಲಿ ಬಣ್ಣ?

ಥಾಣೆಗೂ ರೈಲಿಗೂ ಇರುವ ನಂಟು ಶಾಲೆಯ ಮಕ್ಕಳಿಗೂ ಗೊತ್ತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಇಲ್ಲಿ. ಹದಿನಾಲ್ಕು ಡಬ್ಬಿ, ಸುಮಾರು ನಾನೂರು ಅತಿಥಿಗಳು, ಎಳೆಯುವುದಕ್ಕೆ ಸಿಂಧ್, ಸುಲ್ತಾನ್, ಸಾಹಿಬ್ ಎಂಬ ಮೂರು ಉಗಿ ಎಂಜಿನ್ನು. ಮರುವರ್ಷ ಮೇ ತಿಂಗಳಲ್ಲಿ ಹಳಿ ಕಲ್ಯಾಣ ಮುಟ್ಟಿತು. ಏಪ್ರಿಲ್ ಬಂತೆಂದರೆ ಇಲ್ಲಿನ ಪತ್ರಿಕೆಗಳು ಈ ಕಥೆಯನ್ನು ಮತ್ತೆ ಅಚ್ಚು ಹಾಕುತ್ತವೆ, ನಾವೂ ಓದುತ್ತೇವೆ. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮನೆ ಮಾಡಿಕೊಂಡ ನನ್ನ ತಲೆಮಾರಿನ ಕನ್ನಡಿಗರನ್ನು ಊರಿಂದ ಇಲ್ಲಿಗೆ ಹೊತ್ತು ತಂದದ್ದು ಆ ಉಗಿಬಂಡಿಯಲ್ಲ, ಡೀಸೆಲ್ ಬಂಡಿ. ಅದರ ಕಥೆಯನ್ನು ಯಾರೂ ಅಚ್ಚು ಹಾಕಿದ್ದು ಕಾಣೆ. ಉಗಿ ಎಂಜಿನ್ನಿಗೆ ಅಜ್ಜನ ಮರ್ಯಾದೆ, ವಿದ್ಯುತ್ ಎಂಜಿನ್ನಿಗೆ ಅಳಿಯನ ಉಪಚಾರ. ನಡುವೆ ಮೂವತ್ತು ನಾಲ್ವತ್ತು ವರ್ಷ ದುಡಿದ ಡೀಸೆಲ್ಲಿಗೆ ಗುಜರಿ ಅಂಗಡಿ.

ನಾನು ಧಾರವಾಡದ ಕಡೆಯವನು. 1984ರಲ್ಲಿ ಬ್ಯಾಂಕಿನ ನೌಕರಿಗೆಂದು ಬಂದೆ. ಆಗ ನಮ್ಮ ಕಡೆಯಿಂದ ಮೀರಜದವರೆಗೆ ಮೀಟರ್ ಗೇಜು. ಎಂಜಿನ್ನು ಒಮ್ಮೊಮ್ಮೆ ಉಗಿಯದು, ಬರಬರುತ್ತ ಡೀಸೆಲ್ಲಿನದೇ. ಮೀರಜದಿಂದ ಪುಣೆಗೆ ಹೋಗುವ ಹಳಿಯೂ ಮೊದಲು ಮೀಟರ್ ಗೇಜೇ ಇತ್ತು, 1970ರ ದಶಕದ ಆರಂಭದಲ್ಲಿ ಬ್ರಾಡ್ ಗೇಜ್ ಆಯಿತು. ಅಲ್ಲಿಂದಾಚೆ ಮೀರಜದಲ್ಲಿ ಇಳಿದು, ಟ್ರಂಕು ಹಾಸಿಗೆ ಹೊತ್ತುಕೊಂಡು ದೊಡ್ಡ ಗಾಡಿ ಹತ್ತುವುದು ನಮ್ಮವರ ಪಾಲಿಗೆ ಬಂತು. ನಮಗೆ ಸಿಗುತ್ತಿದ್ದದ್ದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್. ಅದು ಪುಣೆಯವರೆಗೆ ಡೀಸೆಲ್ ಎಂಜಿನ್ನಿನ ಮೇಲೆ ಹೋಗುತ್ತಿತ್ತು. ಪುಣೆಯಲ್ಲಿ ಅದನ್ನು ಕಳಚಿ ವಿದ್ಯುತ್ ಎಂಜಿನ್ ಹಚ್ಚುತ್ತಿದ್ದರು, ಯಾಕಂದರೆ ಘಟ್ಟದ ದಾರಿಗೆ 1929ರಲ್ಲೇ ವಿದ್ಯುತ್ ತಂತಿ ಬಂದಿತ್ತು. ಬೆಳಗಿನ ಜಾವ ಕಲ್ಯಾಣದಲ್ಲಿ ಇಳಿದರೆ ಮುಖದ ಮೇಲೆ ಮಸಿ ಇರುತ್ತಿತ್ತು. ನೌಕರಿಗೆ ಹೊಸದಾಗಿ ಬಂದವರನ್ನು ಆ ಮಸಿಯಿಂದಲೇ ಗುರುತು ಹಿಡಿಯಬಹುದಾಗಿತ್ತು.

ಆ ಮಸಿಗೂ ಒಂದು ಕಾರಣವುಂಟು. ನಮ್ಮ ಬ್ರಾಡ್ ಗೇಜಿನ ಹೆಸರುವಾಸಿ ಎಂಜಿನ್ನು ಡಬ್ಲ್ಯುಡಿಎಂ-2. ಅಮೆರಿಕದ ಆಲ್ಕೊ ಕಂಪನಿಯ ನಕ್ಷೆ, ಹದಿನಾರು ಸಿಲಿಂಡರು, 2600 ಅಶ್ವಶಕ್ತಿ. 1962ರಲ್ಲಿ ಮೊದಲ ಎಂಜಿನ್ನುಗಳು ಹಡಗಿನಲ್ಲಿ ಬಂದವು. 1964ರಿಂದ ಬನಾರಸದ ಕಾರ್ಖಾನೆಯಲ್ಲೇ ಕಟ್ಟತೊಡಗಿದರು. ಮೀಟರ್ ಗೇಜಿನ ವೈಡಿಎಂ-4 ಕೂಡ ಅದೇ ಮನೆತನದ ಕೂಸು. ಆಲ್ಕೊ ಕಂಪನಿ 1969ರಲ್ಲಿ ಬಾಗಿಲು ಹಾಕಿಕೊಂಡಿತು, ಆದರೆ ಅದರ ಎಂಜಿನ್ನು ಬನಾರಸದಲ್ಲಿ 1990ರ ದಶಕದವರೆಗೂ ಹುಟ್ಟುತ್ತಲೇ ಇತ್ತು. ಇದರ ಟರ್ಬೊ ಸ್ವಲ್ಪ ಆಲಸಿ. ಚಾಲಕ ಹಿಡಿಕೆ ತಿರುಗಿಸಿದ ಕೂಡಲೇ ಸಿಲಿಂಡರಿಗೆ ಎಣ್ಣೆ ಹೋಗುತ್ತದೆ, ಅದಕ್ಕೆ ತಕ್ಕ ಗಾಳಿ ಹೋಗಲು ಕೆಲವು ಕ್ಷಣ ತಡ. ಅಷ್ಟರಲ್ಲಿ ಅರ್ಧಂಬರ್ಧ ಉರಿದ ಎಣ್ಣೆ ಕಪ್ಪು ಹೊಗೆಯಾಗಿ ಮೇಲೇಳುತ್ತದೆ. ಗಾಡಿ ಹೊರಟಾಗಲೆಲ್ಲ ಕಿಟಕಿಯ ಬದಿ ಕೂತವನಿಗೆ ಅಭ್ಯಂಜನ.

ಇಂಥ ಗಾಡಿಯೊಂದನ್ನು, ಎಂಜಿನ್ನು ಡಬ್ಬಿ ಸಮೇತ, ಮೂಲ ರೂಪಕ್ಕೆ ತಂದು ಇಡಬೇಕು ಅನ್ನುವುದು ನನ್ನ ಹಂಬಲ. ಹೇಳುವುದು ಸುಲಭ. ಮೂಲ ರೂಪ ಅಂದರೆ ಯಾವುದು ಅಂತ ಕೇಳಿದರೆ ಮಾತು ತಡೆಯುತ್ತದೆ.

ನಮ್ಮ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಉಡುಪಿ ಕಡೆಯ ಶೆಟ್ಟರಿದ್ದಾರೆ. ಅವರ ಗಾಡಿ ಮತ್ಸ್ಯಗಂಧ. ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಮತ್ಸ್ಯಗಂಧ ಶುರುವಾಯಿತು. ಅದಕ್ಕೂ ಮುಂಚೆ ಕರಾವಳಿಯವರಿಗೆ ಬಸ್ಸೇ ಗತಿ. ಥಾಣೆ, ಪನವೇಲಿನಲ್ಲಿ ಹತ್ತಿದರೆ ಮರುದಿನ ಬೆಳಿಗ್ಗೆ ಊರು ಅನ್ನುವುದು ಅವರಿಗೆ ಪವಾಡದ ಹಾಗಿತ್ತು. ನಾನು ಒಂದು ದಿನ ಇಟ್ಟಿಗೆ ಕೆಂಪು ಬಣ್ಣದ ಡಬ್ಬಿಗಳ ವಿಷಯ ತೆಗೆದೆ. ಶೆಟ್ಟರು ಒಪ್ಪಲಿಲ್ಲ. “ಎಂತ ಮಾರಾಯ್ರೇ, ಗಾಡಿ ಅಂದ್ರೆ ನೀಲಿಯಲ್ವಾ? ನಿಮ್ಮ ಕೆಂಪು ಗಾಡಿ ನಾನು ನೋಡಿದ್ದೇ ಕಮ್ಮಿ,” ಅಂದರು. ಅವರು ಹೇಳಿದ್ದೂ ಸುಳ್ಳಲ್ಲ.

ಬಣ್ಣ ಬದಲಾದದ್ದು ಯಾರದೋ ಶೋಕಿಗಲ್ಲ. ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 1955ರ ಅಕ್ಟೋಬರ್ 2ರಂದು ಶುರುವಾಯಿತು, ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ನಕ್ಷೆ ಇಟ್ಟುಕೊಂಡು. 1960ರ ದಶಕದಿಂದ ನಮ್ಮ ಬೆಂಗಳೂರಿನ ಬೆಮೆಲ್ ಕೂಡ ರೈಲು ಡಬ್ಬಿ ಕಟ್ಟಿತು. ಆ ಕಾಲದ ಡಬ್ಬಿಗಳಿಗೆ ವ್ಯಾಕ್ಯೂಮ್ ಬ್ರೇಕು, ಮೈಗೆ ಇಟ್ಟಿಗೆ ಕೆಂಪು. 1990ರ ದಶಕದಲ್ಲಿ ಏರ್ ಬ್ರೇಕ್ ಹಾಕುತ್ತ ಬಂದಂತೆ ಆ ಡಬ್ಬಿಗಳಿಗೆ ನೀಲಿ ಬಳಿದರು. ಎರಡು ಬಗೆಯ ಡಬ್ಬಿಗಳನ್ನು ಒಂದೇ ಗಾಡಿಯಲ್ಲಿ ಹಾಗೇ ಜೋಡಿಸಿದರೆ ಬ್ರೇಕು ಕೆಲಸ ಮಾಡದು, ಬಣ್ಣ ನೋಡಿದರೆ ದೂರದಿಂದಲೇ ಗೊತ್ತಾಗುತ್ತಿತ್ತು. ಹೀಗೆ ಬಣ್ಣವೇ ಒಂದು ದಾಖಲೆ. ವ್ಯಾಕ್ಯೂಮ್ ಬ್ರೇಕಿನ ಡಬ್ಬಿಗೆ ನೀಲಿ ಬಳಿದರೆ, ಅಥವಾ ಏರ್ ಬ್ರೇಕಿನದಕ್ಕೆ ಕೆಂಪು ಬಳಿದು ಹಳೆಯದೆಂದು ತೋರಿಸಿದರೆ, ಅದು ನಮ್ಮ ಬ್ಯಾಂಕಿನ ಭಾಷೆಯಲ್ಲಿ ಸುಳ್ಳು ಎಂಟ್ರಿ.

ಬಣ್ಣ ಮುಗಿಯಿತು ಅಂದರೆ ಅಕ್ಷರ. ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಕೆಲಸ ಶುರುಮಾಡಿದ್ದು 2003ರಲ್ಲಿ. ಅದಕ್ಕೂ ಹಿಂದೆ ಹುಬ್ಬಳ್ಳಿ ಇದ್ದದ್ದು ದಕ್ಷಿಣ ಮಧ್ಯ ರೈಲ್ವೆಯಲ್ಲಿ, 1966ಕ್ಕೂ ಹಿಂದೆ ದಕ್ಷಿಣ ರೈಲ್ವೆಯಲ್ಲಿ. ಮೀಟರ್ ಗೇಜಿನ ಹುಬ್ಬಳ್ಳಿ ಡಬ್ಬಿಯ ಮೈಮೇಲೆ ಇವತ್ತಿನ ಹೆಸರು ಬರೆದರೆ ನೋಡಲು ಚೆಂದ, ಇತಿಹಾಸಕ್ಕೆ ಖೋಟಾ. ಮೂರನೆಯ ದರ್ಜೆ ಅನ್ನುವುದು 1974ರಲ್ಲಿ ಹೋಯಿತು. ಡಬ್ಬಿಯ ಮೇಲೆ ಮೂರು ಗೀಟು ಬರೆಯಬೇಕೋ ಎರಡು ಗೀಟೋ ಅನ್ನುವುದು ನೀವು ಯಾವ ವರ್ಷಕ್ಕೆ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

ಇನ್ನು ಒಳಗಿನ ಮಾತು. ನನಗೆ ಎಲ್ಲಕ್ಕಿಂತ ತೊಡಕಿನದು ಇದೇ. 1960ರ ದಶಕದ ಮೂರನೆಯ ದರ್ಜೆಯ ಮಲಗುವ ಡಬ್ಬಿಯಲ್ಲಿ ಬರೀ ಮರದ ಹಲಗೆ. ನಮ್ಮ ತಂದೆಯವರು ಆ ಹಲಗೆಯ ಮೇಲೆ ಪುಣೆಗೆ ಹೋಗಿ ಬಂದವರು, ಬಂದಮೇಲೆ ಎರಡು ದಿನ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದರು. 1977ರಲ್ಲಿ ಮಧು ದಂಡವತೆ ರೈಲ್ವೆ ಮಂತ್ರಿಯಾದರು. ಎರಡನೆಯ ದರ್ಜೆಯ ಹಲಗೆಯ ಮೇಲೆ ಎರಡು ಇಂಚು ಫೋಮ್ ಹಾಕಿಸಿದವರು ಅವರು. ಮೇಲಿನ ದರ್ಜೆಯನ್ನು ಕೆಳಗಿಳಿಸುವುದಲ್ಲ, ಕೆಳಗಿನದನ್ನು ಮೇಲೆತ್ತುವುದು ಅವರ ಧೋರಣೆ. ಕೊಂಕಣದ ರಾಜಾಪುರದಿಂದ ಸಂಸತ್ತಿಗೆ ಹೋಗುತ್ತಿದ್ದ ಈ ಮನುಷ್ಯ ಕೊಂಕಣ ರೈಲಿಗಾಗಿ ಹೋರಾಡಿದವರೂ ಹೌದು. ಆ ರೈಲಿನ ಕೆಲಸಕ್ಕೆ ನಿಜವಾದ ಚಾಲನೆ ಸಿಕ್ಕಿದ್ದು 1990ರಲ್ಲಿ, ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ. ಅವರೂ ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ಕನ್ನಡ ನಾಡಿನವರೇ.

ಈಗ ಹೇಳಿ, 1960ರ ದಶಕದ ಒಂದು ಡಬ್ಬಿಯನ್ನು ಅಕ್ಷರಶಃ ಮೂಲ ರೂಪಕ್ಕೆ ತರಬೇಕೆಂದರೆ ದಂಡವತೆಯವರ ಎರಡು ಇಂಚು ಕಿತ್ತು ಎಸೆಯಬೇಕು. ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪವೇ ಸತ್ಯ, ಆಮೇಲಿನದೆಲ್ಲ ಕೊಳೆ ಅನ್ನುವ ಪಂಡಿತರ ವಾದ ನನಗೆ ಪಟಾಯಿಸುವುದಿಲ್ಲ. ನಮ್ಮ ಊರುಗಳ ಕಲ್ಲಿನ ಗುಡಿಗೆ ಜೀರ್ಣೋದ್ಧಾರದ ಹೆಸರಿನಲ್ಲಿ ಎಣ್ಣೆ ಬಣ್ಣ ಬಳಿಯುತ್ತಾರಲ್ಲ, ಅದನ್ನು ಕೆರೆದು ತೆಗೆಯುವುದು ಸರಿ. ಆದರೆ ಮುದುಕರಿಗೆಂದು ನೂರು ವರ್ಷದ ಹಿಂದೆ ಯಾರೋ ಕಟ್ಟಿಸಿದ ಮೆಟ್ಟಿಲನ್ನೂ ಒಡೆದು ಹಾಕುವುದು ಜೀರ್ಣೋದ್ಧಾರವಲ್ಲ. ಆ ಮೆಟ್ಟಿಲೂ ಗುಡಿಯ ಚರಿತ್ರೆಯೇ.

ಹೊರದೇಶದವರಿಗೆ ಈ ಕೆಲಸ ತುಸು ಸಲೀಸು. ಬ್ರಿಟನ್ನಿನ ಇಂಟರ್‌ಸಿಟಿ 125 ಎಂಬ ಡೀಸೆಲ್ ಗಾಡಿ 1976ರಲ್ಲಿ ಓಡಾಟಕ್ಕೆ ಬಂತು. ನಲವತ್ತು ವರ್ಷ ತುಂಬಿದ 2016ರಲ್ಲಿ ಅದರ 43002 ಸಂಖ್ಯೆಯ ಎಂಜಿನ್ನಿಗೆ ಮೊದಲಿನ ನೀಲಿ ಹಳದಿ ಬಣ್ಣ ಬಳಿದು, ಮೂತಿಯ ವಿನ್ಯಾಸ ಮಾಡಿದ ಕೆನೆತ್ ಗ್ರೇಂಜ್ ಅವರ ಹೆಸರಿಟ್ಟರು. ಆಮೇಲೆ ಅದು ಯಾರ್ಕ್ ನಗರದ ರೈಲು ಮ್ಯೂಸಿಯಂ ಸೇರಿತು. ಅಲ್ಲಿ ವಿನ್ಯಾಸಕಾರನ ಹೆಸರು ಗೊತ್ತು, ಅವನು ಆಗ ಬದುಕಿಯೂ ಇದ್ದ. ನಮ್ಮ ಡೀಸೆಲ್ ಎಂಜಿನ್ನಿನ ಬಣ್ಣಕ್ಕೆ ಅಂಥ ಒಬ್ಬ ತಂದೆಯಿಲ್ಲ. ಒಂದೊಂದು ಶೆಡ್ಡಿನದೂ ಒಂದೊಂದು ಪಟ್ಟೆ. ಕಲ್ಯಾಣದ ಶೆಡ್ಡಿನ ಎಂಜಿನ್ನುಗಳ ಪಕ್ಕದಲ್ಲಿ ಊರ ಹೆಸರು ಬರೆದಿರುತ್ತಿತ್ತು. ರಜೆಯಲ್ಲಿ ಊರಿಗೆ ಹೋಗುವಾಗ ದಾರಿಯ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ “ಕಲ್ಯಾಣ” ಅಂತ ಬರೆದ ಎಂಜಿನ್ ಕಂಡರೆ ಹೆಂಡತಿ, “ನೋಡ್ರಿ, ನಮ್ಮ ಕಡೀದು,” ಅನ್ನುತ್ತಿದ್ದಳು. ಊರಿಗೆ ಹೊರಟವಳಿಗೆ ಅಷ್ಟರಲ್ಲಾಗಲೇ ಕಲ್ಯಾಣ ‘ನಮ್ಮ ಕಡೆ’ ಆಗಿತ್ತು! ಆ ಅಕ್ಷರ ಬರೆದ ಪೇಂಟರ್ ಯಾರೆಂದು ಯಾವ ಕಡತದಲ್ಲೂ ಸಿಕ್ಕಲಾರದು. ಬಣ್ಣದ ಪದರು ಕೆರೆದು, ಹಳೆಯ ಫೋಟೋ ಹುಡುಕಿ, ನಿವೃತ್ತ ಕೆಲಸಗಾರರನ್ನು ಕೇಳಿ ಗೊತ್ತುಮಾಡಬೇಕು. ಆ ಕೆಲಸಗಾರರಿಗೂ ಈಗ ನಮ್ಮಷ್ಟೇ ವಯಸ್ಸು, ಅಥವಾ ಹೆಚ್ಚು.

ಹಾಗಾದರೆ ನಮ್ಮಲ್ಲಿ ಏನು ನಡೆದಿದೆ? ದಿಲ್ಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ ಮೊದಲ ಡಬ್ಲ್ಯುಡಿಎಂ-2, ಸಂಖ್ಯೆ 18040, ಇದೆ. ಅದು ಒಳ್ಳೆಯ ಮಾತು. ನಮ್ಮ ಸಮೀಪದ ಸಂಗತಿ ಮಾತ್ರ ನಗು ತರಿಸುವಂಥದ್ದು. ಕಲ್ಯಾಣದಿಂದ ಕರ್ಜತ್ ಲೋಕಲ್ ಹಿಡಿದರೆ ನೇರಳ ಸಿಗುತ್ತದೆ, ಅಲ್ಲಿಂದ ಮಾಥೇರಾನಿಗೆ 1907ರಲ್ಲಿ ಹಾಕಿದ ಪುಟ್ಟ ಹಳಿ. 1980ರ ದಶಕದಲ್ಲಿ ಅಲ್ಲಿ ಉಗಿ ಹೋಗಿ ಎನ್‌ಡಿಎಂ-1 ಎಂಬ ಡೀಸೆಲ್ ಎಂಜಿನ್ನುಗಳು ಬಂದವು, 1950ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದವು. ಅವೇ ಈಗ ಪುರಾತನ ವಸ್ತು. ಕೆಲವು ವರ್ಷಗಳ ಹಿಂದೆ ಮಧ್ಯ ರೈಲ್ವೆ ಅಂಥದೊಂದು ಎಂಜಿನ್ನಿಗೆ ಪಾರಂಪರಿಕ ರೂಪ ಕೊಟ್ಟಿತು. ಹೇಗೆ? ಉಗಿ ಎಂಜಿನ್ನಿನ ವೇಷ ಹಾಕಿ! ಎಪ್ಪತ್ತರ ಹತ್ತಿರದ ಡೀಸೆಲ್ ಎಂಜಿನ್ನಿಗೆ ತನ್ನ ಸ್ವಂತ ಮುಖ ಇಟ್ಟುಕೊಳ್ಳುವ ಯೋಗವಿಲ್ಲ. ಪ್ರವಾಸಿಗಳಿಗೆ ಅದು ಇಷ್ಟವಾಗಿರಬಹುದು, ಮಕ್ಕಳು ನಗುತ್ತಾರೆ. ನನಗಂತೂ ಬೇಸರವಾಯಿತು.

ಅವಸರಕ್ಕೆ ಕಾರಣವಿದೆ. ಕೊಂಕಣ ಹಳಿಯ ವಿದ್ಯುದೀಕರಣ 2022ರಲ್ಲಿ ಮುಗಿಯಿತು. ಪೆರಂಬೂರಿನವರು ಹಳೆ ಮಾದರಿಯ ಡಬ್ಬಿ ಕಟ್ಟುವುದನ್ನು 2018ರಲ್ಲೇ ನಿಲ್ಲಿಸಿದರು. 2025ರಲ್ಲಿ ಮತ್ಸ್ಯಗಂಧಕ್ಕೂ ಜರ್ಮನ್ ಮಾದರಿಯ ಹೊಸ ಡಬ್ಬಿಗಳು ಬಂದವು. ಶೆಟ್ಟರ ನೀಲಿಯೂ ನನ್ನ ಕೆಂಪಿನ ಹಾದಿ ಹಿಡಿಯಿತು. ಎಂಕಾಂ ಓದಿದವನಿಗೆ ಸವಕಳಿ ಲೆಕ್ಕ ಬಾಯಿಪಾಠ. ಆಸ್ತಿಯ ಬೆಲೆ ವರ್ಷವರ್ಷ ಇಳಿಸುತ್ತ ಬಂದು ಕೊನೆಗೆ ಪುಸ್ತಕದಲ್ಲಿ ಒಂದು ರೂಪಾಯಿ ಇಟ್ಟಿರುತ್ತೇವೆ, ವಸ್ತು ಇದೆ ಅಂತ ನೆನಪಿರಲಿ ಎಂದು. ಆಮೇಲೆ ಹರಾಜಿನಲ್ಲಿ ತೂಕದ ಲೆಕ್ಕದಲ್ಲಿ ಮಾರಿದರೆ ಆ ಒಂದು ರೂಪಾಯಿಯೂ ಹೋಯಿತು. ನೂರು ಟನ್ನಿಗೂ ಮಿಕ್ಕಿದ ಎಂಜಿನ್ನಿಗೆ ಗುಜರಿಯವನು ಕೊಡುವ ಹಣ ಕಣ್ಣಿಗೆ ಕಾಣುತ್ತದೆ. ಉಳಿಸಿಕೊಂಡರೆ ಬರುವ ಲಾಭಕ್ಕೆ ಯಾವ ಖಾತೆಯೂ ಇಲ್ಲ.

ಶೆಟ್ಟರ ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. 2025ರ ಜೂನ್ 9ರಂದು ನಮ್ಮ ಡೊಂಬಿವಲಿಗೆ ಹತ್ತಿರದ ಮುಂಬ್ರಾದಲ್ಲಿ, ಎದುರುಬದುರು ಹಾದುಹೋಗುತ್ತಿದ್ದ ಎರಡು ಲೋಕಲ್ ಗಾಡಿಗಳ ಬಾಗಿಲಲ್ಲಿ ಜೋತುಬಿದ್ದವರು ಹಳಿಗೆ ಬಿದ್ದು ಸತ್ತರು. “ಬದುಕಿದ್ದವರಿಗೆ ಬಾಗಿಲು ಹಾಕ್ಲಿಕ್ಕೆ ದುಡ್ಡಿಲ್ಲ, ನಿಮಗೆ ಹಳೇ ಗಾಡಿಗೆ ಬಣ್ಣ ಬಳೀಬೇಕಾ?” ಅಂದರು. ಮೂವತ್ತು ವರ್ಷ ಆ ಬಾಗಿಲಲ್ಲೇ ನಿಂತು ದುಡಿಯಲು ಹೋದವನು ನಾನು. ಇದಕ್ಕೆ ಎದುರು ಮಾತಾಡುವ ಬಾಯಿ ನನಗಿಲ್ಲ. ಬಾಗಿಲು ಮೊದಲು, ಬಣ್ಣ ಆಮೇಲೆ. ಆದರೆ ಹರಾಜಿಗೆ ಹೋದದ್ದು ವಾಪಸು ಬರುವುದಿಲ್ಲವಲ್ಲ, ಬಣ್ಣ ಬಳಿಯುವ ದಿನ ಬಂದಾಗ ಬಳಿಯಲು ಗಾಡಿಯೇ ಇರುವುದಿಲ್ಲ ಅನ್ನುವುದಷ್ಟೇ ನನ್ನ ವಾದ. ಮರೆಯಲ್ಲಿ ಒಂದು ಎಂಜಿನ್ನು, ನಾಲ್ಕು ಡಬ್ಬಿ ನಿಲ್ಲಿಸಿ ಮೇಲೊಂದು ತಗಡಿನ ಚಪ್ಪರ ಹಾಕಲು ಹೆಚ್ಚು ಖರ್ಚಿಲ್ಲ.

2020ರಲ್ಲಿ ಹುಬ್ಬಳ್ಳಿಯಲ್ಲಿ ರೈಲು ಮ್ಯೂಸಿಯಂ ಆಗಿದೆ, ಮೈಸೂರಿನದು 1979ರಿಂದಲೂ ಇದೆ. ನಾಡಿನಲ್ಲಿರುವ ನೀವು ಅಲ್ಲಿ ಕೇಳಬಹುದು, ನಾವು ಕಲ್ಯಾಣದಲ್ಲಿ ಕೇಳುತ್ತೇವೆ. ಯಾವ ವರ್ಷಕ್ಕೆ ನಿಲ್ಲಿಸಬೇಕು ಅಂತ ಅವರು ತಿರುಗಿ ಕೇಳಿದರೆ ನನ್ನ ಮತ 1984ಕ್ಕೆ. ಹೊರಗೆ ಇಟ್ಟಿಗೆ ಕೆಂಪು, ಮೈಮೇಲೆ ದಕ್ಷಿಣ ಮಧ್ಯ ರೈಲ್ವೆಯ ಅಕ್ಷರ, ಎರಡು ಗೀಟು, ಒಳಗೆ ಹಲಗೆಯ ಮೇಲೆ ಎರಡು ಇಂಚು ಫೋಮ್. ಶೆಟ್ಟರು 1998 ಅನ್ನುತ್ತಾರೆ.